ಹೆಸರು ಬರೆಯದ ಖಾನೆ

ಪಿಂಚಣಿ ತಿನ್ನುವವರು ವರ್ಷಕ್ಕೊಮ್ಮೆ ಕಚೇರಿಗೆ ಹೋಗಿ ತಾವಿನ್ನೂ ಸತ್ತಿಲ್ಲವೆಂದು ಬರೆದುಕೊಡಬೇಕು. ಎದುರಿಗೆ ನಿಂತು ಕೆಮ್ಮಿದರೂ ಸಾಲದು, ಕಾಗದದ ಮೇಲೆಯೂ ಬದುಕಿರಬೇಕು. ಇದರಿಂದ ನನಗೇನೂ ಸಿಟ್ಟು ಬರುವುದಿಲ್ಲ. ನಾನೂ ಮೂವತ್ತೈದು ವರ್ಷ ಮೇಜಿನ ಆಚೆ ಬದಿಗೆ ಕುಳಿತು ಜನರನ್ನು ನಾಳೆ ಬಾ ಎಂದು ಕಳಿಸಿದವನೇ. ಈ ಸಲ ಬಸವಕಲ್ಯಾಣಕ್ಕೆ ಹೋದಾಗ ಕಚೇರಿಯ ಮಗ್ಗುಲಿನ ಹಳೆಯ ಬಾವಿಗೆ ಇಬ್ಬರು ಆಳುಗಳು ಬ್ಲೀಚಿಂಗ್ ಪುಡಿ ಸುರಿಯುತ್ತಿದ್ದರು. ಗಾಳಿ ನನ್ನ ಕಡೆಗೆ ಬೀಸಿತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈಯಲ್ಲಿದ್ದ ಫಾರಮ್ಮು ತುಂಬುವುದು ನನ್ನಿಂದ ಆಗಲಿಲ್ಲ. ಐವತ್ತು ವರ್ಷದ ಹಿಂದಿನ ಒಂದು ಮಳೆಗಾಲವನ್ನು ನಾನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ, ಹೆಂಡತಿಗೂ ಹೇಳಿಲ್ಲ. ಕೇಳಿ ನೋಯುವವರು ಈಗ ಯಾರೂ ಉಳಿದಿಲ್ಲ, ಆದ್ದರಿಂದ ಬರೆಯುತ್ತೇನೆ.

ದೊಡ್ಡ ಯುದ್ಧ ನಡೆಯುತ್ತಿದ್ದ ಕಾಲ. ಬಸವಕಲ್ಯಾಣವನ್ನು ಆಗ ಎಲ್ಲರೂ ಬರೀ ಕಲ್ಯಾಣಿ ಎನ್ನುತ್ತಿದ್ದರು. ನಿಜಾಮರ ರಾಜ್ಯ, ಕಚೇರಿಯ ಭಾಷೆ ಉರ್ದು. ಹುಮನಾಬಾದಿನಲ್ಲಿ ಒಂದು ಸಣ್ಣ ಜಾಗೀರಿನ ಕಚೇರಿ ಇತ್ತು. ಜಾಗೀರಿನ ಹೆಸರು ಬೇಡ. ಅದೂ ಹೋಯಿತು, ಅದರ ಧಣಿಗಳೂ ಹೋದರು. ಅದಕ್ಕೆ ಸೇರಿದ ಹಳ್ಳಿಗಳೆಲ್ಲ ಕಲ್ಯಾಣಿಯ ಆಚೆ, ಮಂಠಾಳದ ದಿಕ್ಕಿಗೆ ಚದುರಿಕೊಂಡಿದ್ದವು. ಕಚೇರಿ ಮಾತ್ರ ಯಾವ ಕಾಲದಲ್ಲಿ ಯಾರಿಗೆ ಅನುಕೂಲವಾಗಿತ್ತೋ, ಹುಮನಾಬಾದಿನಲ್ಲೇ ಕುಳಿತುಬಿಟ್ಟಿತ್ತು. ಹಳ್ಳಿಯವರು ಒಂದು ಕಾಗದ ಕೊಡಬೇಕಾದರೆ ಕಲ್ಯಾಣಿಯನ್ನು ಹಾದು, ಒಂದು ದಿನದ ದಾರಿ ನಡೆದು ಬರಬೇಕು. ಆ ಕಚೇರಿಯಲ್ಲಿ ನನಗೆ ಇಪ್ಪತ್ತೊಂದನೆಯ ವಯಸ್ಸಿಗೆ ಅಹಲ್ಕಾರನ ಕೆಲಸ ಸಿಕ್ಕಿತು. ಅಹಲ್ಕಾರ ಎಂದರೆ ಗುಮಾಸ್ತ, ಅಷ್ಟೇ. ಆದರೆ ಕರಿ ಟೋಪಿ ಹಾಕಿಕೊಂಡು ಬೀದಿಗೆ ಇಳಿದರೆ ನಾನೇ ಜಾಗೀರುದಾರನ ಅಳಿಯ ಎಂಬಷ್ಟು ಠೇಂಕಾರ ನನ್ನದು.

ನನ್ನನ್ನು ಸಾಕಿದವಳು ಅಕ್ಕ ನೀಲಮ್ಮ. ನನಗೆ ಐದು ವರ್ಷವಾದಾಗ ಅವ್ವ ತೀರಿಕೊಂಡಳು. ಅಕ್ಕನಿಗೆ ಆಗ ಹದಿನಾರು. ಗಂಡನ ಮನೆಗೆ ಹೋಗುವಾಗ ಸೀರೆಯ ಗಂಟಿನ ಜೊತೆ ನನ್ನನ್ನೂ ಕರೆದುಕೊಂಡು ಹೋದಳು. ಅವಳ ಗಂಡ ರೇವಣಪ್ಪ ಪಾಟೀಲರು ಎಕ್ಕೇವಾಡಿಯ ಪಟೇಲರು. ನಾನು ಅವರನ್ನು ಮಾವ ಎನ್ನುತ್ತಿದ್ದೆ. ಅವರಿಗೆ ಮಕ್ಕಳಾಗಲಿಲ್ಲ, ಹೀಗಾಗಿ ಆ ಮನೆಯ ಹಾಲು ಬೆಣ್ಣೆ ಎಲ್ಲ ನನ್ನ ಹೊಟ್ಟೆಗೇ ಸೇರಿತು. ಊರ ಮಸೀದಿಯ ಮುಲ್ಲಾ ಲಾಲಸಾಬರ ಹತ್ತಿರ ಅಕ್ಕ ನನ್ನನ್ನು ಉರ್ದು ಕಲಿಯಲು ಕೂಡಿಸಿದಳು. ಆಮೇಲೆ ಕಲ್ಯಾಣಿಯ ಶಾಲೆ, ಪರೀಕ್ಷೆ, ನೌಕರಿ. “ನಮ್ಮ ಚನ್ನಬಸು ಸರಕಾರದಾಗ ಬರಿಯಾಂವ ಆಗ್ಯಾನ” ಎಂದು ಅವಳು ಬಾವಿಗೆ ಬಂದ ಹೆಂಗಸರಿಗೆಲ್ಲ ಹೇಳುತ್ತಿದ್ದಳಂತೆ.

ನನ್ನ ಮೇಲಿನವರು ಪೇಶ್ಕಾರ್ ಜಬ್ಬಾರ್ ಸಾಹೇಬರು. ಕಲ್ಯಾಣಿಯವರು, ಐವತ್ತು ದಾಟಿದವರು, ನಮ್ಮಂತೆಯೇ ಕನ್ನಡ ಆಡುವವರು. ಸಹಿ ಮಾಡುವ ಮೊದಲು ಪ್ರತಿ ಕಾಗದವನ್ನೂ ಎರಡು ಸಲ ಓದುತ್ತಿದ್ದರು. ನನಗಿಂತ ಮೊದಲು ಆ ಕುರ್ಚಿಯಲ್ಲಿದ್ದ ದತ್ತೋಬಾ ಎಂಬವನು, ಹಳ್ಳಿಯಿಂದ ಬಂದ ಒಂದು ಅರೆಬರೆ ಕಾಗದದ ಖಾಲಿ ಖಾನೆಯನ್ನು ತಾನೇ ತುಂಬಿ ಮೇಲೆ ಕಳಿಸಿದ್ದ. ಪಾಪ, ಕೆಟ್ಟ ಬುದ್ಧಿಯಿಂದಲ್ಲ. ಮುದುಕನೊಬ್ಬ ಮತ್ತೆ ಅಷ್ಟು ದೂರ ನಡೆಯುವುದು ತಪ್ಪಲಿ ಎಂದು. ತನಿಖೆಗೆ ಬಂದವರು ಎರಡು ಕೈಯ ಬರಹ ಗುರುತಿಸಿ ಅವನನ್ನು ಮನೆಗೆ ಕಳಿಸಿದರು. ಅಂದಿನಿಂದ ಕಚೇರಿಯ ಗೋಡೆಯ ಮೇಲೆ ಒಂದು ಹುಕುಂ ತೂಗುತ್ತಿತ್ತು: ಕಾಗದವನ್ನು ಯಾರು ಬರೆಯುತ್ತಾರೋ ಅವರೇ ಪೂರ್ತಿ ಬರೆಯಬೇಕು, ಒಂದೇ ಕೈಯ ಬರಹವಿರಬೇಕು, ಖಾನೆ ಖಾಲಿ ಇದ್ದರೆ ಎತರಾಜ್ ಬರೆದು ವಾಪಸು ಮಾಡಬೇಕು. ಎತರಾಜ್ ಎಂದರೆ ಆಕ್ಷೇಪಣೆ. ಆರು ತಿಂಗಳಲ್ಲಿ ನಾನು ಎತರಾಜ್ ಬರೆಯುವುದರಲ್ಲಿ ಎಂಥ ನಿಪುಣನಾದೆನೆಂದರೆ, ಕಾಗದ ಕೈಗೆ ಬಂದೊಡನೆ ಕಣ್ಣು ಮೊದಲು ಬರೆಯದೆ ಬಿಟ್ಟ ಜಾಗವನ್ನೇ ಹುಡುಕುತ್ತಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಆ ಪೂಜಾರಿಕೆ ನನಗೆ ಒಗ್ಗಿತ್ತು.

ಹಳ್ಳಿಯಲ್ಲಿ ಸಾಂಕ್ರಾಮಿಕ ರೋಗ ಬಂದರೆ ಪಟೇಲರು ಕಳಿಸಬೇಕಾದ ಅಚ್ಚಿನ ಕಾಗದವೊಂದಿತ್ತು. ಊರಿನ ಹೆಸರು, ಬಿದ್ದವರು ಎಷ್ಟು, ಸತ್ತವರು ಎಷ್ಟು, ರೋಗದ ಹೆಸರು, ಪಟೇಲರ ಮೊಹರು. ಇಷ್ಟು ಖಾನೆ ತುಂಬಿ ಬಂದರೆ ಪೇಶ್ಕಾರರು ಸಹಿ ಮಾಡಿ ಕಲ್ಯಾಣಿಯ ದವಾಖಾನೆಗೆ ಪತ್ರ ಬರೆಯುವರು. ಆ ಪತ್ರ ಮುಟ್ಟಿದ ಮೇಲೆಯೇ ಡಾಕ್ಟರರು ಸುಯಿ, ಅಂದರೆ ಚುಚ್ಚುಮದ್ದು, ಹಾಕಲು ಊರಿಗೆ ಹೊರಡಬಹುದು. ಜಾಗೀರಿನ ಹಳ್ಳಿಗೆ ಜಾಗೀರಿನ ಪತ್ರವಿಲ್ಲದೆ ಕಾಲಿಡುವಂತಿಲ್ಲ. ಹೀಗಾಗಿ ಎಕ್ಕೇವಾಡಿಯಿಂದ ಹೊರಟ ಕಾಗದ ಆ ದವಾಖಾನೆಯ ಬಾಗಿಲ ಮುಂದೆಯೇ ಹಾದು ಹುಮನಾಬಾದಿಗೆ ಬಂದು, ಅಲ್ಲಿಂದ ಸಹಿ ಹೊತ್ತು ಮತ್ತೆ ಅದೇ ಬಾಗಿಲಿಗೆ ಹೋಗಬೇಕು. ಇದು ಸರಿಯೇ ಎಂದು ಆಗ ಯಾರೂ ಕೇಳಲಿಲ್ಲ, ನಾನಂತೂ ಕೇಳಲಿಲ್ಲ.

ಆ ವರ್ಷ ಆಷಾಢದಲ್ಲಿ ಮಳೆ ಹಿಡಿದದ್ದು ಬಿಡಲೇ ಇಲ್ಲ. ಮಾಳಿಗೆಗಳೆಲ್ಲ ಸೋರಿದವು. ಕಚೇರಿಯಲ್ಲಿ ದಫ್ತರುಗಳ ಮೇಲೆ ಗೋಣಿ ಹೊದಿಸಿ, ಸೋರುವ ಕಡೆಯಲ್ಲೆಲ್ಲ ಬೋಗುಣಿ ಇಟ್ಟುಕೊಂಡು ಕುಳಿತಿದ್ದೆವು. ಒಂದು ಮಧ್ಯಾಹ್ನ ಎಕ್ಕೇವಾಡಿಯ ತಳವಾರ ಸಾಯಬಣ್ಣ ಬಂದು ಪಡಸಾಲೆಯ ಅಂಚಿಗೆ ನಿಂತ. ಮೊಣಕಾಲಿನವರೆಗೆ ಕೆಸರು. ತಲೆಯ ಮೇಲಿನ ಕಂಬಳಿಯ ಕೊಪ್ಪೆಯಿಂದ ನೀರು ಸುರಿಯುತ್ತಿತ್ತು. ನನ್ನನ್ನು ಹೆಗಲ ಮೇಲೆ ಹೊತ್ತು ತಿರುಗಿದವನು ಅವನು; ನೌಕರಿ ಸಿಕ್ಕ ಮೇಲೆ ನನಗೆ ರೀ ಹಚ್ಚಿ ಮಾತಾಡುತ್ತಿದ್ದ.

“ಏನೋ ಸಾಯಬಣ್ಣ, ಇಷ್ಟು ಮಳ್ಯಾಗ?”

“ಊರಾಗ ತಾಯಿ ಬಂದಾಳ್ರಿ. ಮೂರು ಮಂದಿ ಹೋದ್ರು. ಪಾಟೀಲರು ಕಾಗದ ಕೊಟ್ಟು ಕಳಿಸ್ಯಾರ್ರಿ.”

ಕಂಬಳಿಯೊಳಗೆ, ಬಟ್ಟೆಯಲ್ಲಿ ಸುತ್ತಿ, ಎದೆಗೆ ಕಟ್ಟಿಕೊಂಡು ತಂದಿದ್ದ ಕಾಗದ ಬಿಚ್ಚಿದ. ಒಂದು ಹನಿ ನೀರು ತಾಕಿರಲಿಲ್ಲ. ಊರಿನ ಕುಲಕರ್ಣಿ ಮೊದಲನೆಯ ಹೆಣ ಹೊರಟ ದಿನವೇ ಹೆಂಡತಿ ಮಕ್ಕಳೊಂದಿಗೆ ಊರು ಬಿಟ್ಟಿದ್ದನಂತೆ. ಹೀಗಾಗಿ ಉರ್ದು ಬಲ್ಲ ಲಾಲಸಾಬರು ಬರೆದಿದ್ದರು. ಊರು, ಬಿದ್ದವರು, ಸತ್ತವರು, ಮಾವನ ಮೊಹರು, ಎಲ್ಲ ಸರಿ. ರೋಗದ ಹೆಸರಿನ ಖಾನೆಯಲ್ಲಿ ಮಾತ್ರ ಅಕ್ಷರವಿರಲಿಲ್ಲ. ಅಲ್ಲಿ ಅರಿಶಿನ ಹಚ್ಚಿ, ಅದರ ನಡುವೆ ಬೆರಳ ತುದಿಯಷ್ಟು ಕುಂಕುಮ ಇಟ್ಟಿದ್ದರು.

ಅದನ್ನು ಕಂಡ ಗಳಿಗೆಯಲ್ಲೇ ನನಗೆ ಎಲ್ಲ ತಿಳಿಯಿತು. ಕಾಲರಾವನ್ನು ಉರ್ದುವಿನಲ್ಲಿ ಹೈಜಾ ಎನ್ನುತ್ತಾರೆ. ನಮ್ಮ ಕಡೆ ಅದು ಊರೊಳಗೆ ಇರುವತನಕ ಯಾವ ಭಾಷೆಯಲ್ಲೂ ಅದರ ಹೆಸರು ಹಿಡಿಯುವುದಿಲ್ಲ. ತಾಯಿ ಬಂದಾಳ ಎನ್ನುವರು, ಮನೆಮನೆಗೆ ಬೇವು ಕಟ್ಟುವರು, ಕೊನೆಗೆ ಉಡಿ ತುಂಬಿ ಗಡಿ ದಾಟಿಸುವರು. ಗಡಿ ದಾಟುವ ಮೊದಲು ಯಾರು ಹೆಸರು ಕರೆದರೋ, ಅವರ ಹೊಸ್ತಿಲು ತುಳಿಯುತ್ತಾಳೆ ಎಂಬುದು ನಂಬಿಕೆ. ಬಾಯಿಂದ ಕರೆದರೂ ಅಷ್ಟೇ, ಬರೆದು ಕರೆದರೂ ಅಷ್ಟೇ. ಲಾಲಸಾಬರು ಐದು ಹೊತ್ತು ನಮಾಜು ಮಾಡುವವರಾದರೂ ಈ ಒಂದು ಮಾತಿನಲ್ಲಿ ಊರಿನವರೇ. ಸರಕಾರದ ಕಾಗದಕ್ಕೂ ಕುಂಕುಮ ತಿಳಿಯುತ್ತದೆ ಎಂದು ಅವರೆಲ್ಲ ಕೂಡಿ ನಂಬಿದ್ದರು.

ಕಾಗದ ಹಿಡಿದು ಜಬ್ಬಾರ್ ಸಾಹೇಬರ ಮುಂದೆ ನಿಂತೆ. ಅವರು ಕನ್ನಡಕ ಮೇಲೆ ಸರಿಸಿ ನೋಡಿದರು.

“ತಿಳೀತಲ್ಲ ನಿನಗ?”

“ತಿಳೀತ್ರಿ.”

“ನಮ್ಮ ಮನ್ಯಾಗೂ ಹಂಗೇ. ನಮ್ಮ ಅಮ್ಮಾ ಇದ್ದಾಗ ಯಾರಾದ್ರೂ ಇದರ ಹೆಸರು ತಗದ್ರ ಬಾಯಿ ಮ್ಯಾಲೆ ಹೊಡೀತಿದ್ರು.” ಕಾಗದವನ್ನು ಮತ್ತೊಮ್ಮೆ ಓದಿದರು. “ನೀ ಆ ಊರಾಗ ಬೆಳದಾಂವ. ಕೆಳಗ ಒಂದು ಟಿಪ್ಪಣಿ ಬರಿ. ಈ ಗುರ್ತಿನ ಅರ್ಥ ಇದು, ನಾ ಬಲ್ಲೆ ಅಂತ ಬರದು ನಿನ್ನ ಸಹಿ ಹಾಕು. ಅದರ ಮ್ಯಾಲ ನಾ ಸಹಿ ಮಾಡ್ತೀನಿ. ಕಾಯ್ದೆದಾಗ ಅದಕ್ಕ ಜಾಗ ಅದ.”

ಹೌದು, ಜಾಗ ಇತ್ತು. ಬೇರೆ ಭಾಷೆಯ, ಬೇರೆ ಗುರುತಿನ ಬರಹಕ್ಕೆ ಅಹಲ್ಕಾರನು ತನ್ನ ಹೊಣೆಯ ಮೇಲೆ ಅರ್ಥ ಬರೆಯಬಹುದು. ತನ್ನ ಹೊಣೆಯ ಮೇಲೆ ಎಂಬ ಆ ಮಾತೇ ನನ್ನನ್ನು ತಡೆಯಿತು. ಒಂದು ವೇಳೆ ಅದು ಕಾಲರಾ ಅಲ್ಲದೆ, ಹೊಸ ನೀರಿಗೆ ಬಂದ ಬರೀ ಹೊಟ್ಟೆ ಬೇನೆಯಾಗಿದ್ದರೆ? ಡಾಕ್ಟರು ಹೋಗಿ ಬಂದು ಸುಳ್ಳು ವರದಿ ಎಂದು ಬರೆದರೆ? ಆಗ ಎಲ್ಲರೂ ಹುಡುಕುವುದು ನನ್ನ ಸಹಿಯನ್ನು.

“ದತ್ತೋಬಾಗ ಏನಾತು ಅಂತ ನಿಮಗ ಗೊತ್ತೇ ಅದ್ರಿ” ಎಂದೆ.

“ದತ್ತೋಬಾ ಮುಚ್ಚಿ ಬರದಿದ್ದ. ನೀ ಸಹಿ ಹಾಕಿ ಬರೀತಿ. ಫರಕ್ ಅದ.”

“ನನ್ನ ನೌಕರಿ ಇನ್ನಾ ಖಾಯಂ ಇಲ್ರಿ ಸಾಹೇಬ್ರ.”

ಅವರು ಲೇಖನಿ ಕೆಳಗಿಟ್ಟು ನನ್ನ ಮುಖ ನೋಡಿದರು. “ಊರು ನಿನ್ನದು. ನಿನ್ನ ಮರ್ಜಿ. ಎತರಾಜ್ ಬರಿ.”

ಬರೆದೆ. ರೋಗದ ಹೆಸರಿನ ಖಾನೆ ಖಾಲಿ ಇದೆ, ಪೂರ್ತಿ ತುಂಬಿ ಕಳಿಸತಕ್ಕದ್ದು. ಅಕ್ಷರ ಮುತ್ತಿನಂತೆ ಬಂದವು. ಅಕ್ಕ ಅಲ್ಲೇ ಇದ್ದಾಳೆ ಎಂಬುದು ನನಗೆ ಮರೆತಿರಲಿಲ್ಲ. ಮೂರೇ ಜನ ಹೋಗಿದ್ದಾರೆ, ಪಾಟೀಲರ ಮನೆ ಊರ ಮೇಲ್ಭಾಗದಲ್ಲಿದೆ, ನಾಲ್ಕು ದಿನದಲ್ಲಿ ಸರಿಯಾದ ಕಾಗದ ಬರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಸಾಯಬಣ್ಣನ ಕೈಗೆ ಕಾಗದ ಕೊಟ್ಟು ಹೆಸರು ಬರೆಸಿಕೊಂಡು ಬಾ ಎಂದಾಗ ಅವನು ಎರಡೂ ಕಿವಿ ಮುಟ್ಟಿಕೊಂಡ.

“ಹೆಸರು ಬರೀಬೇಕೇನ್ರಿ? ಬರದ್ರ ಊರು ಉಳೀತದೇನ್ರಿ?”

“ಕಾಯ್ದೆ ಹಂಗದ” ಎಂದೆ.

ಐದು ದಿನ ಯಾರೂ ಬರಲಿಲ್ಲ. ನಡುವಿನ ಹಳ್ಳ ತುಂಬಿ ಎರಡು ದಿನ ದಾರಿ ಕಟ್ಟಿತ್ತಂತೆ. ಆರನೆಯ ದಿನ ಸಾಯಬಣ್ಣ ಬಂದಾಗ ಗುರುತು ಹಿಡಿಯುವುದು ಕಷ್ಟವಾಯಿತು, ಅಷ್ಟು ಇಳಿದುಹೋಗಿದ್ದ. ಕಾಗದ ಬಿಚ್ಚಿದೆ. ಸತ್ತವರ ಖಾನೆಯಲ್ಲಿ ಮೂರು ಹೋಗಿ ಒಂಬತ್ತಾಗಿತ್ತು. ರೋಗದ ಹೆಸರಿನ ಖಾನೆಯಲ್ಲಿ ಮತ್ತೆ ಅರಿಶಿನ, ಮತ್ತೆ ಕುಂಕುಮ. ಈ ಸಲ ಅದರ ಕೆಳಗೆ ಒಂದು ಬೇವಿನ ಎಲೆಯನ್ನು ಗಂಜಿಯಿಂದ ಅಂಟಿಸಿದ್ದರು.

“ಅಕ್ಕೋರು ಹೇಳಿ ಕಳಿಸ್ಯಾರ್ರಿ” ಎಂದ ಸಾಯಬಣ್ಣ. “ನನ್ನ ತಮ್ಮ ಸಣ್ಣಾಂವಿದ್ದಾಗಿಂದ ಸಾಲಿ, ಕಚೇರಿ ಅಂತ ಹೊರಗೇ ಬೆಳದಾನ, ಅವಗ ಕುಂಕುಮದ ಗುರ್ತು ತಿಳದಿಲ್ಲ. ಬೇವಿನ ಎಲಿ ಕಂಡ್ರ ತಿಳೀತದ ಅಂದ್ರು. ಎಲಿ ಅವರೇ ಹಚ್ಯಾರ್ರಿ.”

ನಾನು ಎಲೆಯನ್ನೇ ನೋಡುತ್ತಿದ್ದೆ. ತಿಳಿದಿದೆ, ಮೊದಲೇ ತಿಳಿದಿತ್ತು ಎಂದರೆ ಮುಂದಿನ ಪ್ರಶ್ನೆ ಬರುತ್ತಿತ್ತು. ಅಕ್ಕ ನನಗೊಂದು ನೆಪ ಕಟ್ಟಿ ಕಳಿಸಿದ್ದಳು, ನಾನು ಅದರೊಳಗೆ ಹೊಕ್ಕು ಕುಳಿತೆ.

“ಅಕ್ಕ ಹ್ಯಾಂಗದಾಳ?”

“ಮನಿಮನಿಗೆ ಹೋಗಿ ಗಂಜಿ ಕುಡಸಾಕತ್ತಾರ್ರಿ. ಬಿದ್ದವರಿಗೆ ನೀರು ಕೊಡಬಾರದಂತ ಮುದುಕ್ಯಾರು ಅಂದ್ರ ಕೇಳೂದಿಲ್ಲ.”

“ಇಲ್ಲಿಗೆ ಬಂದುಬಿಡು ಅಂತ ಹೇಳು. ನಾಳೆನೇ ಬರಲಿ.”

ಸಾಯಬಣ್ಣ ನನ್ನನ್ನು ವಿಚಿತ್ರವಾಗಿ ನೋಡಿದ. “ಪಾಟೀಲರ ಮನಿ ಮಂದಿನೇ ಊರು ಬಿಟ್ರ ಉಳದವರು ನಿಲ್ತಾರೇನ್ರಿ?”

ಜಬ್ಬಾರ್ ಸಾಹೇಬರು ಅಂದು ಬೀದರಕ್ಕೆ ಹೋಗಿದ್ದರು. ಹೀಗಾಗಿ ಎರಡನೆಯ ಎತರಾಜಿಗೆ ನನ್ನ ಹೊರತು ಬೇರೆ ಯಾರೂ ಹೊಣೆಯಲ್ಲ. ಸಾಹೇಬರು ಬರುವತನಕ ಕಾಗದ ಇಟ್ಟುಕೊಳ್ಳಬಹುದಿತ್ತು. ಆದರೆ ಖಾನೆ ಖಾಲಿ ಇದ್ದ ಕಾಗದವನ್ನು ಅಂದೇ ವಾಪಸು ಮಾಡಬೇಕೆಂದೂ ಗೋಡೆಯ ಮೇಲಿನ ಹುಕುಮಿನಲ್ಲಿ ಇತ್ತು. ಕಾಯದೆಯ ಹಿಂದೆ ಅಡಗಿ ಕುಳಿತವನಿಗೆ ಅದರ ಒಂದೊಂದು ಸಾಲೂ ಗೋಡೆಯೇ. ಮೊದಲ ಸಲದ ಮಾತುಗಳನ್ನೇ ಮತ್ತೆ ಬರೆದು ಕಳಿಸಿದೆ; ದಾಖಲೆ ಪುಸ್ತಕದಲ್ಲಿ ಮಾತ್ರ ಎಲೆ ಎಂದೂ ಬರೆದೆ. ಮರುದಿನ ಸಾಹೇಬರು ಬಂದು ದಾಖಲೆ ಪುಸ್ತಕ ತಿರುವಿದರು.

“ಇದರಾಗ ಎಲಿ ಅಂತ ಬರದಿ. ಏನು ಎಲಿ?”

“ಬೇವಿಂದ್ರಿ. ಖಾನೆದಾಗ ಅಂಟಿಸಿದ್ರು.”

“ಅದನ್ನ ಕಂಡ ಮ್ಯಾಲೂ ಹೊಳ್ಳಿ ಕಳಿಸಿದೇನು?” ಅವರು ದನಿ ಏರಿಸಲಿಲ್ಲ. “ಕಾಗದ ಇಲ್ಲೇ ಇದ್ದಿದ್ರ ನಾನೇ ಟಿಪ್ಪಣಿ ಬರೀತಿದ್ದೆ. ಈಗ ನನ್ನ ಕೈಯಾಗೂ ಏನಿಲ್ಲ.”

ಆ ದಿನದಿಂದ ಅವರು ನನ್ನೊಡನೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದರು. ನಾನು ದಿನಕ್ಕೆ ಹತ್ತು ಸಲ ಪಡಸಾಲೆಗೆ ಬಂದು ಕಲ್ಯಾಣಿಯ ದಾರಿ ನೋಡುತ್ತಿದ್ದೆ. ರಜೆ ಕೇಳಿ ಊರಿಗೆ ಹೋಗಬೇಕೆಂದು ಎರಡು ಸಲ ಅರ್ಜಿ ಬರೆದೆ, ಎರಡು ಸಲ ಹರಿದೆ. ರೋಗಕ್ಕೆ ಹೆದರಿದೆನೋ, ಅಕ್ಕನ ಮುಖಕ್ಕೆ ಹೆದರಿದೆನೋ, ಈಗಲೂ ಖಚಿತವಾಗಿ ಹೇಳಲಾರೆ. ಉಂಡ ಮನೆಯ ಜಂತಿ ಎಣಿಸುವವನು ಎಂದು ಬೈಯುತ್ತಾರಲ್ಲ, ಆ ಬೈಗುಳ ಕಿವಿಯಲ್ಲಿ ಕೇಳುತ್ತಲೇ ಇತ್ತು.

ನಾಲ್ಕು ದಿನವಾದ ಮೇಲೆ, ಬೆಳಗಿನ ಹೊತ್ತು ಮುಗಿಯುತ್ತಿರುವಾಗ, ಮೂರನೆಯ ಕಾಗದ ಬಂತು. ತಂದವನು ಸಾಯಬಣ್ಣನ ತಮ್ಮ ಹಣಮಂತ.

“ನಿಮ್ಮಣ್ಣ ಎಲ್ಲಿ?”

“ಹೋದ್ರಿ. ನಿಮ್ಮ ಕಾಗದ ಪಾಟೀಲರ ಕೈಗೆ ಕೊಟ್ಟು ಮನಿಗೆ ಬಂದು ಮಲಗಿದಾಂವ ಏಳ್ಲಿಲ್ಲ.”

ಹದಿನಾಲ್ಕು ಎಂದಿತ್ತು ಸತ್ತವರ ಖಾನೆಯಲ್ಲಿ. ಅದರಲ್ಲಿ ಸಾಯಬಣ್ಣನೂ ಒಬ್ಬ. ರೋಗದ ಹೆಸರಿನ ಖಾನೆಯಲ್ಲಿ ಈ ಸಲ ಕುಂಕುಮವಿರಲಿಲ್ಲ, ಎಲೆಯೂ ಇರಲಿಲ್ಲ. ದಪ್ಪ ದಪ್ಪ ಉರ್ದು ಅಕ್ಷರಗಳಿದ್ದವು, ನಾಲ್ಕು. ಒಂದಕ್ಕೊಂದು ಕೂಡಿಸದೆ, ಪಕ್ಕಪಕ್ಕಕ್ಕೆ ಬಿಡಿಬಿಡಿಯಾಗಿ ನಿಲ್ಲಿಸಿದ್ದರು. ಕೂಡಿಸಿ ಓದಿದರೆ ಹೈಜಾ ಎಂದಾಗುತ್ತಿತ್ತು.

ಲಾಲಸಾಬರ ಕೈ ಹಾಗಿರಲಿಲ್ಲ. ಮಾವನಿಗೆ ಉರ್ದು ಬರುತ್ತಿರಲಿಲ್ಲ. ಆ ಊರಿನಲ್ಲಿ ಅಕ್ಷರ ಬಲ್ಲ, ಆದರೆ ಕೂಡಿಸಿ ಬರೆಯಲು ಬಾರದ ಒಂದೇ ಒಂದು ಜೀವ ಇತ್ತು. ನಾನು ಸಣ್ಣವನಿದ್ದಾಗ ಬೆಳಿಗ್ಗೆ ಅಕ್ಕ ಬೀಸುವ ಕಲ್ಲಿನ ಮುಂದೆ ಕುಳಿತಿರುತ್ತಿದ್ದಳು, ನಾನು ಮಗ್ಗುಲಲ್ಲಿ ಕುಳಿತು ಮುಲ್ಲಾ ಕಲಿಸಿದ ಅಕ್ಷರಗಳನ್ನು ಕೂಗಿ ಹೇಳುತ್ತಿದ್ದೆ. ಬೀಸುವುದು ನಿಲ್ಲಿಸಿ ಅವಳು ಜೋಳದ ಹಿಟ್ಟಿನ ಮೇಲೆ ಬೆರಳಿನಿಂದ ಒಂದೊಂದೇ ತಿದ್ದುತ್ತಿದ್ದಳು. ಬಿಡಿ ಅಕ್ಷರ ಎಲ್ಲ ಕಲಿತಳು. ಕೂಡಿಸುವ ಪಾಠಕ್ಕೆ ನಾನು ಬರುವ ಹೊತ್ತಿಗೆ ಕಲ್ಯಾಣಿಯ ಶಾಲೆಗೆ ಹೊರಟುಹೋದೆ.

ಕಾಗದದಲ್ಲಿ ಎರಡು ಕೈಯ ಬರಹವಿತ್ತು. ಹುಕುಮಿನ ಪ್ರಕಾರ ಇದನ್ನೂ ವಾಪಸು ಮಾಡಬೇಕು. ನಾನು ದಾಖಲು ಮಾಡಿ ಸಾಹೇಬರ ಮುಂದಿಟ್ಟೆ. ಅವರು ರೂಢಿಯಂತೆ ಎರಡು ಸಲ ಓದಿದರು. ಆ ನಾಲ್ಕು ಅಕ್ಷರಗಳ ಹತ್ತಿರ ಬಂದಾಗ ಕಣ್ಣು ನಿಂತಿತು.

“ಯಾರ ಕೈ?”

“ನಮ್ಮಕ್ಕಂದ್ರಿ.”

ಸಹಿ ಮಾಡಿದರು. ದವಾಖಾನೆಗೆ ಪತ್ರವನ್ನು ತಾವೇ ಬರೆದು, ತಾವೇ ಮೊಹರು ಒತ್ತಿ, “ಟಾಂಗಾ ಹಿಡಕೊಂಡು ಹೋಗು, ನಿಂದ್ರಬ್ಯಾಡ” ಎಂದರು.

ಇಲ್ಲೇ ಒಂದು ಮಾತು ಹೇಳಿ ಮುಗಿಸುತ್ತೇನೆ, ಯಾಕೆಂದರೆ ಕೊನೆಗೆ ಹೇಳಲು ನನಗೆ ನಾಚಿಕೆ. ಆ ಚಳಿಗಾಲದಲ್ಲಿ ತನಿಖೆಗೆ ಬಂದ ಅಧಿಕಾರಿ ಎಕ್ಕೇವಾಡಿಯ ಕಡತವನ್ನು ಪೂರ್ತಿ ನೋಡಿದರು. ಖಾಲಿ ಖಾನೆಗೆ ಎರಡು ಸಲ ಎತರಾಜ್, ಎರಡೂ ಅಂದಂದೇ ವಾಪಸು, ಪೂರ್ತಿ ಕಾಗದ ಬಂದ ದಿನವೇ ಸಹಿ, ಅದೇ ದಿನ ಪತ್ರ. ಎರಡು ಕೈಯ ಬರಹ ಅವರ ಕಣ್ಣಿಗೆ ಬೀಳಲಿಲ್ಲ. ಎಲ್ಲ ಕಾಯದೆ ಪ್ರಕಾರ ನಡೆದಿದೆ ಎಂದು ಬರೆದು, ಈ ಅಹಲ್ಕಾರ ಜಾಗರೂಕನಿದ್ದಾನೆ ಎಂದೂ ಸೇರಿಸಿದರು. ಅದರ ಮೇಲೆ ನನ್ನ ನೌಕರಿ ಖಾಯಂ ಆಯಿತು. ಅಂದು ಹಿಡಿದ ಆ ನೌಕರಿಯ ಪಿಂಚಣಿಯನ್ನೇ ಈಗಲೂ ತಿನ್ನುತ್ತಿದ್ದೇನೆ.

ಸಂಜೆಯೊಳಗೆ ಕಲ್ಯಾಣಿ ಮುಟ್ಟಿದೆ. ಡಾಕ್ಟರರು ಪತ್ರ ಓದಿ, “ಇಷ್ಟು ದಿನ ಏನು ಮಾಡಾಕತ್ತಿದ್ರಿ?” ಎಂದು ಕೇಳಿದರು. ನಾನು ಮಳೆ ಎಂದೆ, ಹಳ್ಳ ಎಂದೆ. ಬೆಳಕು ಹರಿಯುವಾಗಲೇ ಎತ್ತಿನ ಗಾಡಿ ಕಟ್ಟಿಸಿ ಸುಯಿಯ ಪೆಟ್ಟಿಗೆ, ಬಾವಿಗೆ ಹಾಕುವ ಬಿಳಿ ಪುಡಿಯ ಡಬ್ಬಿಗಳನ್ನು ಏರಿಸಿಕೊಂಡು ಹೊರಟರು. ಕಲ್ಯಾಣಿಯಿಂದ ಎಕ್ಕೇವಾಡಿಗೆ ಅರ್ಧ ಹೊತ್ತಿನ ದಾರಿ ಅಷ್ಟೇ. ಪತ್ರ ಸಿಕ್ಕ ಮೇಲೆ ಅವರು ಒಂದು ಗಳಿಗೆಯನ್ನೂ ಕೆಡಿಸಲಿಲ್ಲ.

ಊರ ಅಗಸಿ ಬಾಗಿಲಲ್ಲಿ ಹಣಮಂತನ ಅವ್ವ ಕುಳಿತಿದ್ದಳು. ನನ್ನನ್ನು ಕಂಡು ಸೆರಗು ಬಾಯಿಗೆ ಒತ್ತಿಕೊಂಡಳು. ಅಕ್ಕ ಹಿಂದಿನ ದಿನ ಮಧ್ಯಾಹ್ನ ಹೋಗಿದ್ದಳು. ನಾನು ಅವಳ ಅಕ್ಷರ ದಾಖಲು ಮಾಡುತ್ತಿದ್ದ ಹೊತ್ತಿಗೆ ಅವಳು ನೀರು ನೀರು ಎನ್ನುತ್ತಿದ್ದಳಂತೆ. ಸಂಜೆಯೊಳಗೆ ಹೊಲದಲ್ಲಿ ಮಣ್ಣು ಮಾಡಿದ್ದರು. ಹಸಿ ಮಣ್ಣಿನ ಮೇಲೆ ಮಳೆ ಬಿದ್ದು ಗುಂಡಿ ಆಗಲೇ ಕುಸಿದಿತ್ತು. ನಾನು ಎರಡು ಬೊಗಸೆ ಮಣ್ಣು ಎಳೆದು ಹಾಕಿ, ಅಲ್ಲೇ ಕೆಸರಿನಲ್ಲಿ ಕುಳಿತು ಅತ್ತೆ. ನನ್ನನ್ನು ಸಮಾಧಾನ ಮಾಡಲು ಯಾರೂ ಬರಲಿಲ್ಲ.

ಡಾಕ್ಟರರು ಚಾವಡಿಯ ಮುಂದೆ ಒಲೆ ಹಚ್ಚಿಸಿ ಸುಯಿ ಕುದಿಸಿದರು. ಊರಿನಲ್ಲಿ ಉಳಿದವರೆಲ್ಲ ಸಾಲಾಗಿ ನಿಂತು ತೋಳು ಒಡ್ಡಿದರು. ಮೂರೂ ಬಾವಿಗೆ ಬಿಳಿ ಪುಡಿ ಬಿತ್ತು, ಅದರ ಘಾಟು ಓಣಿ ಓಣಿಗೆ ಹಬ್ಬಿತು. ಒಂದು ವಾರದಲ್ಲಿ ಸಾವು ನಿಂತಿತು. ಆದರೆ ಸುಯಿಯಿಂದ ನಿಂತಿತೆಂದು ಆ ಊರಿನಲ್ಲಿ ಯಾರೂ ಅನ್ನಲಿಲ್ಲ. ಸಾಲಿನಲ್ಲಿ ನಿಂತ ಒಬ್ಬ ಮುದುಕಿ ನನಗೆ ಕೇಳುವಂತೆಯೇ ಹೇಳಿದಳು, “ಹೆಸರು ಬರದ ಕೈಯ ಹಿಡಕೊಂಡು ಹೋದಳು ತಾಯಿ. ಇನ್ನ ತಣ್ಣಗಾಗ್ತಾಳ.” ಹದಿನಾಲ್ಕು ಮನೆಯಲ್ಲಿ ಗಂಜಿ ಕುಡಿಸಿ ಬಂದವಳಿಗೆ ಆ ರೋಗ ತಗುಲಲು ಅಕ್ಷರ ಬೇಕಾಗಿರಲಿಲ್ಲ ಎಂದು ನಾನು ಹೇಳಬಹುದಿತ್ತು. ಹೇಳುವ ಮುಖ ನನಗಿರಲಿಲ್ಲ.

ಮಾವ ಮನೆಯ ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕುಳಿತಿದ್ದರು. ಆಳೆತ್ತರದ ಮನುಷ್ಯ, ಹತ್ತು ದಿನದಲ್ಲಿ ಮುದುಕರಾಗಿದ್ದರು. ನಾನು ಹೋಗಿ ಕಾಲ ಬಳಿ ಕುಳಿತೆ.

“ಯಾರೂ ಬರಿಯಾಕ ಒಪ್ಪಲಿಲ್ಲಪಾ” ಎಂದರು. “ಮುಲ್ಲಾ ಒಲ್ಲೆ ಅಂದ. ನಂಗೂ ಧೈರ್ಯ ಆಗ್ಲಿಲ್ಲ, ಖರೇ ಹೇಳ್ತೀನಿ. ಆಗ ಆಕಿ ಚಾವಡಿಗೆ ಬಂದಳು. ಹೆಂಗಸು ಎಂದೂ ಚಾವಡಿ ಮೆಟ್ಟಲ ಹತ್ತಿದಾಕಿ ಅಲ್ಲ. ಮುಲ್ಲಾಗ ಅಂದಳು, ಹೆಸರು ಅನಬ್ಯಾಡ್ರಿ, ಬಿಡಿ ಅಕ್ಷರ ಒಂದೊಂದೇ ಹೇಳ್ರಿ, ಬಿಡಿ ಅಕ್ಷರಕ್ಕ ತಾಯಿ ಬರೂದಿಲ್ಲ. ಅಂವ ಹೇಳಿದ, ಆಕಿ ಬರದಳು. ನಾ ಕೈ ಹಿಡದೆ, ಕೊಡವಿಕೊಂಡಳು.”

ನಾನು ತಲೆ ತಗ್ಗಿಸಿಕೊಂಡೇ ಇದ್ದೆ. ಅವರು ಬಗ್ಗಿ ನನ್ನ ಗದ್ದ ಹಿಡಿದು ಮೇಲೆತ್ತಿದರು.

“ಒಂದು ಮಾತು ಕೇಳ್ತೀನಿ. ಮೊದಲನೇ ಕಾಗದ ಬಂತಲ್ಲ, ಕುಂಕುಮ ಹಚ್ಚಿದ್ದು. ಅದನ್ನ ನೋಡಿದಾಗ ನಿನಗ ತಿಳದಿತ್ತೇನು?”

ತಿಳಿದಿರಲಿಲ್ಲ ಎನ್ನಬಹುದಿತ್ತು. ಆ ಮನೆಯಲ್ಲಿ ಕುಳಿತು ನನ್ನ ಬಾಯಿಗೆ ಅದು ಬರಲಿಲ್ಲ.

“ತಿಳದಿತ್ತು ಮಾವ.”

ಬೈಯುತ್ತಾರೆ, ಹೊಡೆಯುತ್ತಾರೆ ಎಂದುಕೊಂಡೆ. ಹೊಡೆಯಲಿ ಎಂದೇ ಕಾದೆ. ಅವರು ಗದ್ದ ಬಿಟ್ಟರು. ಓಣಿಯ ಕಡೆ ಒಮ್ಮೆ ನೋಡಿ, ಯಾರೂ ಇಲ್ಲವೆಂದು ಕಂಡು, ದನಿ ಇಳಿಸಿದರು.

“ಎರಡನೇ ಸಲ ಕಾಗದ ಹೊಳ್ಳಿ ಬಂದಾಗ ಊರಿಗೆ ಊರೇ ನಿನ್ನ ಹೆಸರು ಹಿಡದು ಬೈಯಾಕತ್ತಿತ್ತು. ಆಕಿ ಎಲ್ಲರ ಮುಂದ ನಿಂತು ಆಣಿ ಮಾಡ್ಯಾಳ. ನನ್ನ ತಮ್ಮಗ ತಿಳದಿಲ್ಲ, ತಿಳದಿದ್ರ ಅಂವ ಹೊಳ್ಳಿ ಕಳಸ್ತಿದ್ದಿಲ್ಲ ಅಂತ. ನನಗ ಹೇಳಿದ್ದನ್ನ ಯಾರ ಮುಂದೂ ಹೇಳಬ್ಯಾಡ.” ಎದ್ದು ನಿಂತು ಗೋಡೆ ಹಿಡಿದರು. “ಸತ್ತಾಕಿನ್ನ ಸುಳ್ಳಾಕಿ ಮಾಡಬ್ಯಾಡ.”